ಪ್ಲಾಂಟೇಷನ್ ನೋಡಲು ಹೋಗ್ತೀರಾ? ಬಂಗಲೆಯಿಂದ ಶುರು ಮಾಡಬೇಡಿ

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಫ್ರೆಂಚ್ ಕ್ವಾರ್ಟರ್ ಸುತ್ತುತ್ತಾರೆ. ಒಂದು ದಿನ ಮಿಕ್ಕರೆ ಪ್ಲಾಂಟೇಷನ್, ಅಂದರೆ ಹಿಂದೆ ಗುಲಾಮರನ್ನು ದುಡಿಸಿಕೊಂಡ ದೊಡ್ಡ ತೋಟ, ನೋಡಲು ಟೂರ್ ಬುಕ್ ಮಾಡುತ್ತಾರೆ. ಬೆಳಿಗ್ಗೆ ಜೌಗಿನಲ್ಲಿ ಆಲಿಗೇಟರ್ ತೋರಿಸುವ ದೋಣಿ, ಮಧ್ಯಾಹ್ನ ಹಳೇ ಬಂಗಲೆ, ಎರಡಕ್ಕೂ ಸೇರಿ ಒಂದೇ ಟಿಕೆಟ್. ಓಕ್ ಮರಗಳ ಸಾಲಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಮುಗಿಯಿತು. ಆ ಹೊಲ ಹಸನು ಮಾಡಿದವರು ಯಾರು, ಆ ಮನೆ ಕಟ್ಟಿದವರು ಯಾರು, ಅವರಿಗೆ ಏನು ಸಿಕ್ಕಿತು ಅನ್ನೋ ಪ್ರಶ್ನೆ ಬರುವುದೇ ಇಲ್ಲ.

ಅದೇ ಪ್ರವಾಸವನ್ನು ಬೇರೆ ರೀತಿ ಮಾಡಬಹುದು. ದುಡಿದವರ ಹೆಸರು ಓದುವುದರಿಂದ ಶುರು ಮಾಡಿ. ಅವರ ಕೆಲಸ ಏನಿತ್ತು ಅಂತ ತಿಳಿದುಕೊಳ್ಳಿ. ಬಂಗಲೆಯನ್ನು ಕೊನೆಗೆ ನೋಡಿ. ನೋಡುವ ಕ್ರಮ ಬದಲಾದರೆ ನೋಡಿದ್ದರ ಅರ್ಥವೇ ಬದಲಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೊದಲು, ಯಾವ ಜಾಗ?

ನ್ಯೂ ಆರ್ಲಿಯನ್ಸ್ ಮತ್ತು ಬ್ಯಾಟನ್ ರೂಜ್ ನಡುವೆ ಮಿಸಿಸಿಪ್ಪಿ ನದಿಯ ಎರಡೂ ದಡದಲ್ಲಿ ಸಾಗುವ ದಾರಿಗೆ ರಿವರ್ ರೋಡ್ ಎಂದು ಹೆಸರು. ಓಕ್ ಆಲಿ, ಲಾರಾ, ಡೆಸ್ಟ್ರಹಾನ್, ಹೂಮಾಸ್ ಹೌಸ್, ವಿಟ್ನಿ ಎಲ್ಲ ಇರುವುದು ಈ ದಾರಿಯಲ್ಲೇ. ನಾಟೊವೇ ಎಂಬ ಭಾರಿ ಬಂಗಲೆಯೂ ಇತ್ತು. ಹೋಟೆಲ್ ಮತ್ತು ಮದುವೆ ಜಾಗವಾಗಿ ನಡೆಯುತ್ತಿದ್ದ ಅದು 2025ರ ಮೇ ತಿಂಗಳಲ್ಲಿ ಸುಟ್ಟುಹೋಯಿತು.

ಬುಕ್ ಮಾಡುವ ಮೊದಲು ಆ ಜಾಗದ ವೆಬ್‌ಸೈಟನ್ನು ಹತ್ತು ನಿಮಿಷ ಓದಿ. ಇತಿಹಾಸದ ಪುಟದಲ್ಲಿ ಮಾಲೀಕರ ಮನೆತನ, ತೂಗುದೀಪ, ಹಳೇ ಪೀಠೋಪಕರಣ ಇವೇ ತುಂಬಿಕೊಂಡು, ಗುಲಾಮರ ಬಗ್ಗೆ ಒಂದೇ ಒಂದು ಸಾಲು ಇದ್ದರೆ ಟೂರೂ ಹಾಗೇ ಇರುತ್ತದೆ. ಅಲ್ಲಿ ದುಡಿದವರ ಹೆಸರುಗಳು ಇವೆಯಾ, ಅವರ ಗುಡಿಸಲು ತೋರಿಸುತ್ತಾರಾ, ಅದಕ್ಕೆ ಬೇರೆ ದುಡ್ಡು ಕೇಳುತ್ತಾರಾ ನೋಡಿಕೊಳ್ಳಿ.

ಒಂದೇ ಜಾಗಕ್ಕೆ ಹೋಗಲು ಸಮಯ ಇದ್ದರೆ ವಿಟ್ನಿಗೆ ಹೋಗಿ. ನ್ಯೂ ಆರ್ಲಿಯನ್ಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. 1752ರಲ್ಲಿ ಆಂಬ್ರೋಸ್ ಹೈಡೆಲ್ ಎಂಬ ಜರ್ಮನ್ ವಲಸಿಗ ಶುರು ಮಾಡಿದ ತೋಟ ಇದು. ಮೊದಲು ನೀಲಿ ಬಣ್ಣ ತೆಗೆಯುವ ಇಂಡಿಗೊ ಬೆಳೆ, ಆಮೇಲೆ ಕಬ್ಬು. ನ್ಯೂ ಆರ್ಲಿಯನ್ಸ್‌ನ ವಕೀಲ ಜಾನ್ ಕಮಿಂಗ್ಸ್ ಇದನ್ನು ಕೊಂಡು, ಸೆನೆಗಲ್‌ನಿಂದ ಬಂದ ಇತಿಹಾಸಕಾರ ಇಬ್ರಾಹಿಮಾ ಸೆಕ್ ಅವರ ಸಂಶೋಧನೆಯ ಮೇಲೆ ವಸ್ತುಸಂಗ್ರಹಾಲಯ ಮಾಡಿದರು. 2014ರ ಡಿಸೆಂಬರ್‌ನಲ್ಲಿ ಜನರಿಗೆ ತೆರೆದರು. ಈಗ ಅದನ್ನು ಲಾಭಕ್ಕಲ್ಲದ ಸಂಸ್ಥೆ ನಡೆಸುತ್ತಿದೆ. ಇಡೀ ಜಾಗ ಗುಲಾಮರಾಗಿದ್ದವರ ಬದುಕನ್ನು ಹೇಳುವುದಕ್ಕೇ ಮೀಸಲು.

ಹೋಗುವ ಮೊದಲು ಇಷ್ಟು ತಿಳಿದಿರಲಿ

ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಆಫ್ರಿಕಾದ ಜನ ಸುಮಾರು 1.25 ಕೋಟಿ. ಅವರಲ್ಲಿ ಈಗಿನ ಅಮೆರಿಕದ ನೆಲಕ್ಕೆ ನೇರವಾಗಿ ಬಂದಿಳಿದವರು ನಾಲ್ಕು ಲಕ್ಷದ ಒಳಗೆ. ಹೆಚ್ಚಿನವರನ್ನು ಒಯ್ದದ್ದು ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳಿಗೆ. ಆದರೆ 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಗುಲಾಮರ ಸಂಖ್ಯೆ ಹತ್ತಿರಹತ್ತಿರ 40 ಲಕ್ಷ. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಅನ್ನುವ ಕಾನೂನು ಇದ್ದದ್ದರಿಂದ ಹೀಗಾಯಿತು. ಹೊಟ್ಟೆಯಲ್ಲಿರುವ ಕೂಸಿಗೂ ಮಾಲೀಕನಿದ್ದ.

ಇನ್ನೊಂದು ವಿಷಯ ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿತು. ಆದರೆ ದೇಶದ ಒಳಗಿನ ಮಾರಾಟಕ್ಕೆ ಯಾವ ತಡೆಯೂ ಇರಲಿಲ್ಲ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು ಹತ್ತು ಲಕ್ಷ ಜನರನ್ನು ದಕ್ಷಿಣದ ಹತ್ತಿ, ಕಬ್ಬಿನ ಸೀಮೆಗೆ ಸಾಗಿಸಿದರು. ಕೆಲವರನ್ನು ಹಡಗಿನಲ್ಲಿ ತುಂಬಿದರು, ಕೆಲವರನ್ನು ಸರಪಳಿ ಹಾಕಿ ನೂರಾರು ಮೈಲಿ ನಡೆಸಿದರು. ಗಂಡನನ್ನು ಒಬ್ಬ ಕೊಂಡರೆ ಹೆಂಡತಿಯನ್ನು ಇನ್ನೊಬ್ಬ ಕೊಳ್ಳುತ್ತಿದ್ದ. ಈ ವ್ಯಾಪಾರದ ಅತಿ ದೊಡ್ಡ ಸಂತೆ ನ್ಯೂ ಆರ್ಲಿಯನ್ಸ್. ನೀವು ರಾತ್ರಿ ಉಳಿಯುವ ಹೋಟೆಲಿನ ಸುತ್ತಮುತ್ತಲೇ ಆ ಹರಾಜು ನಡೆಯುತ್ತಿತ್ತು.

ಲೂಸಿಯಾನಾದ ಕಬ್ಬಿನ ತೋಟಕ್ಕೆ ಮಾರುತ್ತಾರೆ ಅಂದರೆ ಜನ ನಡುಗುತ್ತಿದ್ದರು. ಅದಕ್ಕೆ ಕಾರಣ ಅಲ್ಲಿನ ಕೆಲಸ. ಕಬ್ಬು ಬಲಿಯಲು ಬಿಸಿಲು ಬೇಕು, ಆದರೆ ಲೂಸಿಯಾನಾದಲ್ಲಿ ಚಳಿಗಾಲಕ್ಕೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ವರ್ಷದ ಕೊನೆಯೊಳಗೆ ಎಲ್ಲ ಕಬ್ಬನ್ನೂ ಕಡಿದು, ಅರೆದು, ಕಾಯಿಸಿ ಮುಗಿಸಬೇಕು. ಕಡಿದ ಕಬ್ಬನ್ನು ಹಾಗೇ ಬಿಟ್ಟರೆ ರಸ ಕೆಡುತ್ತದೆ. ಅದಕ್ಕೇ ಗಾಣ ಹಗಲು ರಾತ್ರಿ ತಿರುಗುತ್ತಿತ್ತು, ಜನ ಪಾಳಿಯ ಮೇಲೆ ಪಾಳಿ ನಿಲ್ಲುತ್ತಿದ್ದರು. ಮಂಡ್ಯ ಕಡೆಯವರಿಗೆ ಆಲೆಮನೆ ಗೊತ್ತು. ಕುದಿಯುವ ಕೊಪ್ಪರಿಗೆಯ ಮುಂದೆ ಒಂದು ಗಂಟೆ ನಿಂತರೆ ಮೈ ಹೇಗಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕೆಲಸವನ್ನು ದಿನಕ್ಕೆ ಹದಿನೆಂಟು ಗಂಟೆ, ಎರಡು ಮೂರು ತಿಂಗಳು, ಕೂಲಿಯಿಲ್ಲದೆ, ಬಿಟ್ಟು ಹೋಗುವ ಹಕ್ಕಿಲ್ಲದೆ ಮಾಡುವುದನ್ನು ಯೋಚಿಸಿ. ಕಬ್ಬಿನ ಸೀಮೆಯಲ್ಲಿ ಹುಟ್ಟಿದವರಿಗಿಂತ ಸತ್ತವರೇ ಜಾಸ್ತಿ. ಅಲ್ಲಿ ಜನಸಂಖ್ಯೆ ಉಳಿದದ್ದು ಹೊಸಬರನ್ನು ಕೊಂಡು ತಂದದ್ದರಿಂದ ಮಾತ್ರ.

ಟಿಕೆಟ್, ಸಮಯ, ಬಟ್ಟೆ

ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ವಾರದಲ್ಲಿ ರಜೆ ದಿನ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಬೆಳಗಿನ ಮೊದಲ ಹೊತ್ತು ಒಳ್ಳೆಯದು. ಬಹುತೇಕ ಎಲ್ಲವೂ ಬಯಲಿನಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ಮಂಗಳೂರಿನ ಮೇ ತಿಂಗಳಿಗೆ ಏನೂ ಕಡಿಮೆಯಿಲ್ಲ, ಸೊಳ್ಳೆಯೂ ಇರುತ್ತದೆ. ಟೋಪಿ, ನೀರು, ಮುಚ್ಚಿದ ಶೂ ಇರಲಿ. ಸಾಧ್ಯವಾದರೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಹೋಗಿ. ಹವೆಯೂ ಹಿತ, ಸುತ್ತಲಿನ ಹೊಲಗಳಲ್ಲಿ ಕಬ್ಬು ಕಟಾವೂ ನಡೆದಿರುತ್ತದೆ. ಈಗ ಯಂತ್ರ ಕಡಿಯುತ್ತದೆ, ಆದರೆ ಆಳೆತ್ತರದ ಆ ಬೆಳೆಯನ್ನು ಕಣ್ಣಾರೆ ನೋಡಿದರೆ ಕೈಯಲ್ಲಿ ಕಡಿದವರ ಪಾಡು ಬೇಗ ಅರ್ಥವಾಗುತ್ತದೆ.

ಅದೇ ದಿನ ಆಲಿಗೇಟರ್ ದೋಣಿ ಇಟ್ಟುಕೊಳ್ಳಬೇಡಿ. ಇದು ನನ್ನ ಕಟ್ಟುನಿಟ್ಟಿನ ಸಲಹೆ. ಒಂದು ತಮಾಷೆಯಿಂದ ಎದ್ದು ಇನ್ನೊಂದು ಕಡೆ ಓಡುವ ಗಡಿಬಿಡಿಯಲ್ಲಿ ಈ ಜಾಗ ದಕ್ಕುವುದಿಲ್ಲ. ಅರ್ಧ ದಿನ ಪೂರ್ತಿ ಇದಕ್ಕೇ ಕೊಡಿ.

ಮಕ್ಕಳು ಜೊತೆಗಿದ್ದರೆ

ಕರೆದುಕೊಂಡು ಹೋಗಿ, ಆದರೆ ಹಿಂದಿನ ದಿನವೇ ಹೇಳಿ. ಎಂಟು ಹತ್ತು ವರ್ಷದ ಮಕ್ಕಳಿಗೆ ಇಷ್ಟು ಸಾಕು: ಇಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು, ಹೊಡೆದು ದುಡಿಸಿಕೊಳ್ಳುತ್ತಿದ್ದರು, ಅಪ್ಪ ಅಮ್ಮನಿಂದ ಮಕ್ಕಳನ್ನು ಬೇರೆ ಮಾಡುತ್ತಿದ್ದರು, ಅವರು ಅದನ್ನು ಎದುರಿಸಿ ಬದುಕಿದರು. ಇದಕ್ಕಿಂತ ಸಿಹಿ ಮಾಡಿ ಹೇಳಲು ಹೋಗಬೇಡಿ.

ವಿಟ್ನಿಯಲ್ಲಿ 1811ರ ದಂಗೆಯ ಸ್ಮಾರಕವೂ ಇದೆ. ಆ ವರ್ಷದ ಜನವರಿ 8ರಂದು ಚಾರ್ಲ್ಸ್ ಡೆಲೋಂಡ್ ಎಂಬವನ ಮುಂದಾಳುತನದಲ್ಲಿ ಇದೇ ನದಿ ದಡದ ಗುಲಾಮರು ಎದ್ದು ನ್ಯೂ ಆರ್ಲಿಯನ್ಸ್ ಕಡೆಗೆ ನಡೆದರು. ದಂಗೆಯನ್ನು ಎರಡು ಮೂರು ದಿನದಲ್ಲಿ ಹೊಸಕಿ ಹಾಕಿದರು. ಸತ್ತವರ ತಲೆ ಕಡಿದು ನದಿಯುದ್ದಕ್ಕೂ ಕಂಬಗಳಿಗೆ ಸಿಕ್ಕಿಸಿದರು. ಸ್ಮಾರಕ ಅದನ್ನು ಇದ್ದಂತೆಯೇ ತೋರಿಸುತ್ತದೆ. ಚಿಕ್ಕ ಮಕ್ಕಳಿದ್ದರೆ ಅದು ಎಲ್ಲಿದೆ ಅಂತ ಟಿಕೆಟ್ ಕೌಂಟರಿನಲ್ಲೇ ಕೇಳಿಕೊಂಡು, ಬೇಕಾದರೆ ಆ ಕಡೆ ಹೋಗಬೇಡಿ. ಹದಿಹರೆಯದವರು ನೋಡಲಿ. ಗುಲಾಮರು ತಲೆ ತಗ್ಗಿಸಿಕೊಂಡೇ ಇದ್ದರು ಅನ್ನುವ ತಪ್ಪು ತಿಳಿವಳಿಕೆ ಹೋಗಲು ಈ ಕತೆ ಗೊತ್ತಿರಲೇಬೇಕು.

ಒಳಗೆ ಹೋದ ಮೇಲೆ

ಮೊದಲು ಸಿಗುವುದು ಒಂದು ಹಳೇ ಚರ್ಚ್. ಬಿಡುಗಡೆಯಾದ ಮೇಲೆ ಕರಿಯ ಜನರೇ ಕಟ್ಟಿಕೊಂಡ ಚರ್ಚನ್ನು ನದಿಯಾಚೆಯಿಂದ ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಒಳಗೆ ಮಕ್ಕಳ ಮಣ್ಣಿನ ಪ್ರತಿಮೆಗಳಿವೆ, ವುಡ್ರೋ ನ್ಯಾಶ್ ಎಂಬ ಕಲಾವಿದರ ಕೆಲಸ. ಯಾಕೆ ಮಕ್ಕಳು? 1930ರ ದಶಕದ ಕೊನೆಯಲ್ಲಿ ಸರ್ಕಾರದ ಒಂದು ಯೋಜನೆಯಡಿ ಲೇಖಕರು ಊರೂರು ತಿರುಗಿ, ಹಿಂದೆ ಗುಲಾಮರಾಗಿದ್ದು ಇನ್ನೂ ಬದುಕಿದ್ದ ಎರಡು ಸಾವಿರಕ್ಕೂ ಹೆಚ್ಚು ಹಿರಿಯರ ನೆನಪುಗಳನ್ನು ಬರೆದುಕೊಂಡರು. ಹಾಗೆ ಮಾತಾಡಿದವರು ಆಗ ಮುದುಕರು. ಗುಲಾಮಗಿರಿ ಮುಗಿದಾಗ ಅವರು ಮಕ್ಕಳಾಗಿದ್ದರು. ಆ ಮಾತುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕೇಳಿದವರಲ್ಲಿ ಹೆಚ್ಚಿನವರು ಬಿಳಿಯರು, ಹೇಳಿದವರು ಬಡ ಮುದುಕರು, ಊರಲ್ಲಿ ಇನ್ನೂ ಬಿಳಿಯರದೇ ದರ್ಬಾರು. ಹೇಳದೆ ನುಂಗಿಕೊಂಡದ್ದು ಬೇಕಾದಷ್ಟು ಇರುತ್ತದೆ.

ಅಲ್ಲಿಂದ ಹೆಸರಿನ ಗೋಡೆಗೆ ಬನ್ನಿ. ಇಡೀ ಭೇಟಿಯಲ್ಲಿ ಜಾಸ್ತಿ ಹೊತ್ತು ಇಲ್ಲೇ ನಿಲ್ಲಿ. ಈ ತೋಟದಲ್ಲಿ ದುಡಿದ 350ಕ್ಕೂ ಹೆಚ್ಚು ಜನರ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಗೊತ್ತಿರುವ ಕಡೆ ಹುಟ್ಟಿದ ನಾಡು, ವಯಸ್ಸು, ಕಸುಬು ಕೂಡ ಇದೆ. ಆಫ್ರಿಕಾದ ಇಂಥ ನಾಡಿನವನು, ಲೂಸಿಯಾನಾದಲ್ಲೇ ಹುಟ್ಟಿದವಳು, ಬಡಗಿ, ಅಡುಗೆಯವಳು, ಗಾಡಿ ಹೊಡೆಯುವವನು ಅಂತ. ಮನೆತನದ ಹೆಸರು ಇಲ್ಲ, ಬರೀ ಒಂಟಿ ಹೆಸರು. ಈ ಮಾಹಿತಿ ಎಲ್ಲಿಂದ ಬಂತು ಅಂತ ಯೋಚಿಸಿ. ಮಾಲೀಕ ಸತ್ತಾಗ ಆಸ್ತಿ ಪಾಲು ಮಾಡಲು ಪಟ್ಟಿ ಬರೆಯುತ್ತಿದ್ದರು. ಹೇಸರಗತ್ತೆ, ನೇಗಿಲು, ಕೊಪ್ಪರಿಗೆಗಳ ಜೊತೆಗೇ ಈ ಜನರ ಹೆಸರು, ವಯಸ್ಸು, ಕಸುಬು, ಎದುರಿಗೆ ಬೆಲೆ. ಕಸುಬು ಬರೆದದ್ದು ಗೌರವಕ್ಕಲ್ಲ, ಕಸುಬಿದ್ದರೆ ಬೆಲೆ ಜಾಸ್ತಿ ಅಂತ. ಅದೇ ಲೆಕ್ಕದ ಹಾಳೆಯಿಂದ ಹೆಸರುಗಳನ್ನು ಎತ್ತಿ, ಬೆಲೆಯನ್ನು ಬಿಟ್ಟು, ಕಲ್ಲಿಗೆ ಹಾಕಿದ್ದಾರೆ. ಒಂದೊಂದೇ ಹೆಸರನ್ನು ಮೆಲ್ಲಗೆ, ಬಾಯಿಬಿಟ್ಟು ಓದಿ. ಮಕ್ಕಳಿಂದಲೂ ಓದಿಸಿ.

ಮುಂದೆ ಇನ್ನೂ ಉದ್ದದ ಗೋಡೆಗಳಿವೆ. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ವರ್ಷಗಟ್ಟಲೆ ನ್ಯಾಯಾಲಯದ ಹಳೇ ಕಾಗದ ಪತ್ರ ಕೆದಕಿ, ಲೂಸಿಯಾನಾದ 1,07,000 ಗುಲಾಮರ ವಿವರ ಒಟ್ಟು ಮಾಡಿದರು. ಆ ಹೆಸರುಗಳು ಇಲ್ಲಿವೆ. ಪಕ್ಕದಲ್ಲೇ ಮಕ್ಕಳ ಸ್ಮಾರಕ. ಈ ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ನಮ್ಮ ತಾಲ್ಲೂಕಿನಂಥ ಒಂದು ಸೀಮೆಯಲ್ಲಿ, ಕೆಲವೇ ದಶಕಗಳೊಳಗೆ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ಸುಮಾರು 2,200 ಗುಲಾಮ ಮಕ್ಕಳ ನೆನಪು. ಇಲ್ಲಿ ಮಾತು ಬೇಡ. ಎಳೆ ಮಕ್ಕಳಿರುವ ತಾಯಂದಿರಿಗೆ ಈ ಜಾಗ ಕಷ್ಟವಾಗಬಹುದು. ಕೂರಬೇಕು ಅನ್ನಿಸಿದರೆ ಕೂತುಕೊಳ್ಳಿ.

ಆಮೇಲೆ ಗುಡಿಸಲುಗಳು ಮತ್ತು ಸಕ್ಕರೆ ಕೊಪ್ಪರಿಗೆಗಳು. ಎರಕದ ಕಬ್ಬಿಣದ ಕೊಪ್ಪರಿಗೆಯ ಬಳಿ ಬಗ್ಗಿ ನೋಡಿ. ಒಬ್ಬ ಮನುಷ್ಯ ಒಳಗೆ ಕೂರುವಷ್ಟು ಅಗಲ. ಇಂಥವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಒಲೆಯ ಮೇಲೆ ಕೂರಿಸುತ್ತಿದ್ದರು. ರಸ ಗಟ್ಟಿಯಾದಂತೆ ಉದ್ದ ಹಿಡಿಯ ಸೌಟಿನಿಂದ ಒಂದರಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕು. ಕೊನೆಯ ಕೊಪ್ಪರಿಗೆಯ ಪಾಕ ನೀರಿಗಿಂತ ಎಷ್ಟೋ ಬಿಸಿ, ಮೇಲಾಗಿ ಅಂಟು. ಮೈಗೆ ಸಿಡಿದರೆ ಒರೆಸಿದರೂ ಹೋಗುವುದಿಲ್ಲ. ಕೆಲಸ ನಡೆಯುತ್ತಿದ್ದದ್ದು ರಾತ್ರಿ, ಒಲೆಯ ಬೆಳಕಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ. ಅಂದ ಹಾಗೆ, ಕಡಿಮೆ ಸೌದೆಯಲ್ಲಿ, ಕಡಿಮೆ ಅಪಾಯದಲ್ಲಿ ಸಕ್ಕರೆ ಮಾಡುವ ನಿರ್ವಾತ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದ ನಾರ್ಬರ್ಟ್ ರಿಲಿಯೂ ನ್ಯೂ ಆರ್ಲಿಯನ್ಸ್‌ನ ಒಬ್ಬ ಸ್ವತಂತ್ರ ಕರಿಯ ಮನುಷ್ಯ.

ಕೊನೆಗೆ ಅಡುಗೆಮನೆ, ಬಂಗಲೆ. ವಿಟ್ನಿಯ ದಾರಿಯನ್ನೇ ಹೀಗೆ ಮಾಡಿದ್ದಾರೆ. ಅಡುಗೆಮನೆ ಬಂಗಲೆಯಿಂದ ಬೇರೆಯಾಗಿ ಹಿತ್ತಲಲ್ಲಿದೆ. ಬಂಗಲೆಯ ಜಗಲಿಯಲ್ಲಿ ನಿಂತು, ಬಂದ ದಾರಿಯ ಕಡೆ ತಿರುಗಿ ನೋಡಿ. ಮಾಲೀಕನ ಕಣ್ಣಿಗೆ ಯಾವುದು ಬೀಳುತ್ತಿತ್ತು, ಯಾವುದು ಬೀಳುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ.

ಕೇಳುವುದು, ಫೋಟೋ ತೆಗೆಯುವುದು

ಗೈಡ್ ಜೊತೆ ಹೋದರೆ ಪ್ರಶ್ನೆ ಕೇಳಿ. ಮಾಲೀಕ ಒಳ್ಳೆಯವನಿದ್ದನಾ ಅಂತ ಕೇಳಬೇಡಿ. ಜನರನ್ನು ಕೊಂಡು ಮಾರುವವನ ಒಳ್ಳೆಯತನ ಅಳೆದು ಏನು ಪ್ರಯೋಜನ? ಗುಲಾಮರು ಯಾಕೆ ಓಡಿಹೋಗಲಿಲ್ಲ ಅಂತಲೂ ಕೇಳಬೇಡಿ. ಓಡಿಹೋದವರು ಬಹಳ ಜನ. ಜೌಗಿನ ಕಾಡಿನಲ್ಲಿ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದವರೂ ಇದ್ದಾರೆ. ಓಡಿಹೋದವರು ಎಲ್ಲಿ ಇರುತ್ತಿದ್ದರು, ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಭಾನುವಾರ ಅವರು ಏನು ಮಾಡುತ್ತಿದ್ದರು, ಸತ್ತವರನ್ನು ಎಲ್ಲಿ ಹೂಳುತ್ತಿದ್ದರು, ಬಿಡುಗಡೆಯ ನಂತರ ಎಲ್ಲಿ ಹೋದರು ಎಂದು ಕೇಳಿ.

ಕೊನೆಯ ಪ್ರಶ್ನೆಗೆ ಉತ್ತರ ಬಹಳ ಜನರನ್ನು ಬೆಚ್ಚಿಬೀಳಿಸುತ್ತದೆ. ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ಬಿಡುಗಡೆಯ ಘೋಷಣೆ ಈ ಸೀಮೆಗೆ ಅನ್ವಯವೇ ಆಗಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಆಗಲೇ ಉತ್ತರದ ಸೈನ್ಯದ ಹಿಡಿತದಲ್ಲಿದ್ದ ಲೂಸಿಯಾನಾದ ಹದಿಮೂರು ಪ್ಯಾರಿಷ್‌ಗಳನ್ನು ಅದರಿಂದ ಹೊರಗಿಟ್ಟಿದ್ದರು, ವಿಟ್ನಿ ಇರುವ ಸೇಂಟ್ ಜಾನ್ ಕೂಡ ಅದರಲ್ಲಿತ್ತು. ಇಲ್ಲಿಯವರಿಗೆ ಕಾನೂನಿನ ಬಿಡುಗಡೆ ಸಿಕ್ಕಿದ್ದು 1864ರ ರಾಜ್ಯ ಸಂವಿಧಾನದಿಂದ. ಆಮೇಲೂ ಬಹಳ ಜನ ಅದೇ ಹೊಲದಲ್ಲೇ ಕೂಲಿಗೆ ನಿಂತರು, ತೋಟದ ಅಂಗಡಿಯಲ್ಲೇ ಸಾಲ ಮಾಡಿದರು. 1887ರ ನವೆಂಬರ್‌ನಲ್ಲಿ ಹತ್ತಿರದ ತಿಬೊಡೊ ಊರಿನಲ್ಲಿ, ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿದ್ದ ಕಬ್ಬಿನ ಕೆಲಸಗಾರರನ್ನು ಗುಂಡಿಟ್ಟು ಕೊಂದರು.

ಫೋಟೋ ತೆಗೆಯಬಹುದು. ಹೆಸರಿನ ಗೋಡೆ, ಕೊಪ್ಪರಿಗೆ, ಬೋರ್ಡುಗಳ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಓದಲು ಆಗುತ್ತದೆ. ಗುಡಿಸಲ ಬಾಗಿಲಲ್ಲಿ ನಗುತ್ತಾ ಸೆಲ್ಫಿ ಬೇಡ. ಅಲ್ಲಿ ದುಡಿದವರ ಮರಿಮಕ್ಕಳು ನಿಮ್ಮ ಗುಂಪಿನಲ್ಲೇ ಇರಬಹುದು. ಅವರು ಸುಮ್ನೆ ನಿಂತಿದ್ದರೆ ಮಾತಾಡಿಸಲು ಹೋಗಬೇಡಿ. ಅವರಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳಿ.

ಓಕ್ ಆಲಿಗೂ ಹೋಗುವುದಾದರೆ

ಹೋಗಿ, ತಪ್ಪೇನಿಲ್ಲ. ವಿಟ್ನಿ ಮುಗಿಸಿಕೊಂಡು ಹೋಗಿ, ಅಷ್ಟೇ. ಸಾಲು ಸಾಲಾಗಿ ನಿಂತ 28 ಓಕ್ ಮರಗಳು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಮರುಕಟ್ಟಿದ ಗುಡಿಸಲುಗಳ ಕಡೆ ಹೋಗಿ, ಆಂಟ್ವಾನ್ ಎಂಬ ತೋಟಗಾರನ ವಿಷಯ ಹುಡುಕಿ. ಪೀಕನ್ ಅಂದರೆ ಅಕ್ರೋಟಿನಂಥ ಒಂದು ಕಾಯಿ. ಅದರ ಮರ ಬೀಜದಿಂದ ಬೆಳೆದರೆ ಕಾಯಿ ತಾಯಿ ಮರದಂತೆ ಬರುತ್ತದೆ ಅನ್ನುವ ಖಾತ್ರಿಯಿಲ್ಲ. ಒಳ್ಳೇ ಮರದ ಕುಡಿಯನ್ನು ಇನ್ನೊಂದು ಮರಕ್ಕೆ ಕಸಿ ಕಟ್ಟಬೇಕು. ಬೇರೆಯವರು ಪ್ರಯತ್ನಿಸಿ ಸೋತದ್ದನ್ನು ಗುಲಾಮನಾಗಿದ್ದ ಆಂಟ್ವಾನ್ 1846ರ ಚಳಿಗಾಲದಲ್ಲಿ ಮಾಡಿ ತೋರಿಸಿದ. ಹದಿನಾರು ಮರಗಳಿಗೆ ಕಸಿ ಕಟ್ಟಿದ. ಆ ತಳಿಯ ಕಾಯಿಗೆ 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಸಿಕ್ಕಿತು, ‘ಸೆಂಟೆನಿಯಲ್’ ಎಂದು ಹೆಸರೂ ಬಂತು. ಇಂದು ಅಂಗಡಿಯಲ್ಲಿ ಒಂದೇ ಅಳತೆಯ ಪೀಕನ್ ಸಿಗುತ್ತದಲ್ವಾ, ಆ ಉದ್ಯಮಕ್ಕೆ ದಾರಿ ತೆಗೆದ ಕೈ ಅವನದು. 1848ರ ಆಸ್ತಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಪೀಕನ್ ಕಸಿ ಕಟ್ಟುವುದರಲ್ಲಿ ನಿಪುಣ ಎಂದು ಬರೆದು, 1,000 ಡಾಲರ್ ಬೆಲೆ ಹಾಕಿದ್ದಾರೆ. ಕಸುಬು ಅವನದು, ಬೆಲೆ ಬೇರೆಯವರಿಗೆ.

ವಾಪಸ್ ಬರುವಾಗ

ಹೈವೇ ಹಿಡಿಯುವ ಮೊದಲು ರಿವರ್ ರೋಡ್‌ನಲ್ಲೇ ಸ್ವಲ್ಪ ದೂರ ಬನ್ನಿ. ಒಂದು ಕಡೆ ನದಿಯ ಏರಿ, ಇನ್ನೊಂದು ಕಡೆ ಕಬ್ಬು, ನಡುನಡುವೆ ರಾಸಾಯನಿಕ ಕಾರ್ಖಾನೆಗಳ ಕೊಳವೆ, ಚಿಮಣಿ. ಈ ಪಟ್ಟಿಗೆ ಜನ ಕ್ಯಾನ್ಸರ್ ಆಲಿ, ಅಂದರೆ ಕ್ಯಾನ್ಸರ್ ಓಣಿ, ಅನ್ನುತ್ತಾರೆ. ತೋಟಗಳ ದೊಡ್ಡ ದೊಡ್ಡ ಜಮೀನು ಕಾರ್ಖಾನೆಗಳಿಗೆ ಹೋಯಿತು. ಪಕ್ಕದ ಸಣ್ಣ ಊರುಗಳಲ್ಲಿ ಉಳಿದವರು ಬಹುಪಾಲು ಅಲ್ಲಿ ದುಡಿದವರ ವಂಶದವರು. ವಿಟ್ನಿ ಪಕ್ಕದ ವಾಲೆಸ್‌ನಲ್ಲಿ ಭಾರಿ ಧಾನ್ಯ ಸಾಗಣೆ ಕೇಂದ್ರ ಕಟ್ಟಲು ಒಂದು ಕಂಪನಿ ಹೊರಟಾಗ ಊರಿನವರು ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು.

ಕಾರಿನಲ್ಲಿ ಮಾತು ಬಂದೇ ಬರುತ್ತದೆ. ‘ಬಿಳಿಯರು ಹೀಗೆ ಮಾಡಿದರು ನೋಡು’ ಅಂದು ಮುಗಿಸಬೇಡಿ. ನಮ್ಮ ಕಡೆಯ ಎಳೆಗಳೂ ಇವೆ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಇಂಡಿಯಾಕ್ಕೆ ಕರೆಸಿತು. ಧಾರವಾಡ, ಹುಬ್ಬಳ್ಳಿ, ಗದಗದ ಕಪ್ಪು ನೆಲದಲ್ಲಿ ನ್ಯೂ ಆರ್ಲಿಯನ್ಸ್ ತಳಿ ಬೇರು ಬಿಟ್ಟಿತು, ‘ಧಾರವಾಡ ಅಮೆರಿಕನ್’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಗುಲಾಮರು ಬೆಳೆದ ಹತ್ತಿ ಬರುವುದು ನಿಂತಾಗ ಇಲ್ಲಿನ ಹತ್ತಿಯ ಬೆಲೆ ಆಕಾಶಕ್ಕೇರಿತು. ಯುದ್ಧ ಮುಗಿದ ಮೇಲೆ ಬಿತ್ತು.

ಇನ್ನು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮರಿಮಕ್ಕಳು ನಮ್ಮ ಉತ್ತರ ಕನ್ನಡದಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. ಪೋರ್ಚುಗೀಸರು ಗೋವಾಕ್ಕೆ ತಂದವರಲ್ಲಿ ಬಹಳ ಜನ ತಪ್ಪಿಸಿಕೊಂಡು ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ಜೀತದ ವಿಷಯವೂ ಬರಲಿ. ಅಪ್ಪನ ಸಾಲಕ್ಕೆ ಮಗ ದುಡಿಯುವುದು, ಊರಾಚೆಯ ಕೇರಿ, ಹಿತ್ತಲ ಬಾಗಿಲಲ್ಲಿ ಊಟ. ಅಮೆರಿಕದ ಗುಲಾಮಗಿರಿ ಬೇರೆ, ಇದು ಬೇರೆ, ಎರಡನ್ನೂ ಒಂದೇ ಅನ್ನುವುದು ಸರಿಯಲ್ಲ. ಆದರೆ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ನಿಮ್ಮ ಅಜ್ಜನ ಜಮೀನು ಇತ್ತು ಅಂದರೆ ಅದರಲ್ಲಿ ದುಡಿದವರ ಹೆಸರು ನಿಮಗೆ ಗೊತ್ತಾ? ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ದೊಡ್ಡವರನ್ನು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಲೂಸಿಯಾನಾ ದೂರವಾದರೆ

ವರ್ಜೀನಿಯಾ, ವಾಷಿಂಗ್ಟನ್ ಕಡೆಯವರಿಗೆ ಅಮೆರಿಕದ ಮೂರನೇ ಅಧ್ಯಕ್ಷ ಜೆಫರ್ಸನ್ ಅವರ ತೋಟ ಮಾಂಟಿಸೆಲ್ಲೊ ಇದೆ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅಲ್ಲಿ ಗುಲಾಮರ ಬದುಕಿನ ಬಗ್ಗೆಯೇ ಬೇರೆ ಟೂರ್ ಇದೆ, ಅದನ್ನು ಆರಿಸಿಕೊಳ್ಳಿ. ಚಾರ್ಲ್ಸ್‌ಟನ್ ಹತ್ತಿರ ಮೆಕ್ಲಾಯ್ಡ್ ಇದೆ, ಹತ್ತಿಯ ತೋಟ. ರಾಲಿ, ಡರ್ಹಮ್‌ನಲ್ಲಿ ಕನ್ನಡದವರು ಬಹಳ ಜನ ಇದ್ದೀರಿ. ಡರ್ಹಮ್‌ನಲ್ಲೇ ಸ್ಟ್ಯಾಗ್‌ವಿಲ್ ಇದೆ. 1860ರ ಹೊತ್ತಿಗೆ ಅದರ ಮಾಲೀಕರಾಗಿದ್ದ ಒಂದೇ ಮನೆತನದ ಕೈಕೆಳಗೆ ಸುಮಾರು 900 ಗುಲಾಮರಿದ್ದರು. ಅವರು ಇದ್ದ ಮನೆಗಳು ಇನ್ನೂ ನಿಂತಿವೆ, ಅವರು ಸುಟ್ಟ ಇಟ್ಟಿಗೆಗಳಲ್ಲಿ ಬೆರಳಚ್ಚೂ ಉಳಿದಿದೆ. ರಾಜ್ಯ ಸರ್ಕಾರದ ಜಾಗ, ಪ್ರವೇಶಕ್ಕೆ ದುಡ್ಡಿಲ್ಲ. ಗೈಡ್ ಟೂರಿನ ಸಮಯ ಮಾತ್ರ ಮೊದಲೇ ನೋಡಿಕೊಂಡು ಹೋಗಿ.